ಪೂಜೆಗೆ ಮುನ್ನ ಪಾಪದ ಅರಿಕೆ

ಭಾನುವಾರದ ಬೆಳಗು. ಕೆಥೊಲಿಕ್ ಚರ್ಚಿನಲ್ಲಿ ಪ್ರವೇಶಗೀತೆ ಮುಗಿದು, ಗುರುಗಳು ಶಿಲುಬೆಯ ಗುರುತು ಹಾಕಿ ಜನರಿಗೆ ಶುಭ ಕೋರಿದ ಮೇಲೆ ಒಂದು ಕ್ಷಣ ಮೌನ. ಅನಂತರ ಗುರುಗಳೂ ಜನರೂ ಒಟ್ಟಾಗಿ ತಾವು ಪಾಪಿಗಳೆಂದು ಒಪ್ಪಿಕೊಳ್ಳುತ್ತಾರೆ. ದೇವರ ಎದುರು ಮಾತ್ರವಲ್ಲ, ಪಕ್ಕದಲ್ಲಿ ನಿಂತ ಸಹೋದರ ಸಹೋದರಿಯರ ಎದುರಿಗೂ. ತಪ್ಪು ತಮ್ಮದೇ ಎಂದು ಹೇಳುವಾಗ ಎದೆ ಬಡಿದುಕೊಳ್ಳುತ್ತಾರೆ. ಬೈಬಲ್ ವಾಚನ, ಪ್ರಬೋಧನೆ, ಪರಮಪ್ರಸಾದ ಎಲ್ಲವೂ ಆಮೇಲೆ. ಪ್ರಾಟೆಸ್ಟೆಂಟ್ ಸಭೆಗಳ ಆರಾಧನೆಯಲ್ಲೂ ಸಾಮಾನ್ಯವಾಗಿ ಆರಂಭದಲ್ಲೇ ಪಾಪದ ಅರಿಕೆಗೆ ಸ್ಥಾನವಿದೆ.

ದೇವರನ್ನು ಸ್ತುತಿಸಲು ಬಂದವರು ಮೊದಲು ತಮ್ಮ ತಪ್ಪುಗಳನ್ನೇ ಏಕೆ ಹೇಳಿಕೊಳ್ಳಬೇಕು? ಹೇಳುವುದಾದರೆ ಯಾರ ಎದುರು? ಎಲ್ಲರ ಎದುರೋ, ಒಬ್ಬ ಪಾದ್ರಿಯ ಕಿವಿಯಲ್ಲೋ, ಮನಸ್ಸಿನಲ್ಲೋ? ಈ ಪ್ರಶ್ನೆಗಳಿಗೆ ಕ್ರೈಸ್ತ ಧರ್ಮ ಸುಮಾರು 2000 ವರ್ಷಗಳಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. ಒಂದೊಂದು ಉತ್ತರದ ಹಿಂದೆಯೂ ಒಂದೊಂದು ಸಂಕಟವಿದೆ.

ಮೊದಲು ರಾಜಿ, ಆಮೇಲೆ ಕಾಣಿಕೆ

ಇದರ ಬೇರು ಯೇಸುವಿನ ಬೋಧನೆಯಲ್ಲೇ ಇದೆ. ಕಾಣಿಕೆಯನ್ನು ಬಲಿಪೀಠದ ಬಳಿಗೆ ತಂದಾಗ ಸಹೋದರನೊಬ್ಬನಿಗೆ ತನ್ನ ಮೇಲೆ ಅಸಮಾಧಾನವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಹೇಳುತ್ತದೆ.

ಆದಿ ಸಭೆ ಇದನ್ನು ನಿಯಮವಾಗಿಯೇ ಪಾಲಿಸಿತು. ‘ದಿದಖೆ’ ಎಂಬ ಪುಟ್ಟ ಗ್ರೀಕ್ ಗ್ರಂಥ ಇದಕ್ಕೆ ಸಾಕ್ಷಿ. ಬಹುಮಟ್ಟಿಗೆ ಒಂದನೇ ಶತಮಾನದ ಕೊನೆ ಅಥವಾ ಎರಡನೇ ಶತಮಾನದ ಆರಂಭದ್ದೆಂದು ವಿದ್ವಾಂಸರು ಎಣಿಸುವ ಈ ಗ್ರಂಥದ ಪೂರ್ಣ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಫಿಲೋಥಿಯೋಸ್ ಬ್ರಿಯೆನ್ನಿಯೋಸ್ ಅವರಿಗೆ ದೊರೆಯಿತು. 1883ರಲ್ಲಿ ಅವರು ಅದನ್ನು ಪ್ರಕಟಿಸಿದರು. ಕರ್ತನ ದಿನದಂದು ಕೂಡಿ ರೊಟ್ಟಿ ಮುರಿಯುವವರು ಮೊದಲು ತಪ್ಪುಗಳನ್ನು ಒಪ್ಪಿಕೊಳ್ಳಬೇಕು. ಜಗಳವಾಡಿಕೊಂಡವರು ರಾಜಿಯಾಗುವ ತನಕ ಪಂಕ್ತಿಗೆ ಸೇರಬಾರದು ಎಂಬುದು ಅದರ ಕಟ್ಟಳೆ. ಒಂದೇ ರೊಟ್ಟಿ ಹಂಚಿಕೊಳ್ಳುವವರ ನಡುವೆ ಹಗೆ ಉಳಿದರೆ ಇಡೀ ಪೂಜೆಯೇ ಮೈಲಿಗೆಯಾಗುತ್ತದೆ ಎಂಬ ಭಾವನೆ ಅದರ ಹಿಂದಿತ್ತು.

ಎಲ್ಲರೆದುರು ಪ್ರಾಯಶ್ಚಿತ್ತ

ಚಿಕ್ಕಪುಟ್ಟ ತಪ್ಪುಗಳಿಗೆ ಇಷ್ಟು ಸಾಕಾಗಿತ್ತು. ಕೊಲೆ, ವ್ಯಭಿಚಾರ, ಧರ್ಮತ್ಯಾಗಗಳ ಗತಿ? ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೆಸಿಯಸ್ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಈ ಪ್ರಶ್ನೆ ಉಗ್ರವಾಯಿತು. ಪ್ರಾಣಭಯದಿಂದ ಬಹಳಷ್ಟು ಕ್ರೈಸ್ತರು ಬಲಿ ಅರ್ಪಿಸಿದರು. ಕಿರುಕುಳ ನಿಂತ ಮೇಲೆ ಅವರಿಗೆ ಮರಳಿ ಬರುವ ಆಸೆ. ಸೆರೆ ಅನುಭವಿಸಿದವರ ಪಕ್ಕದಲ್ಲಿ ಅವರನ್ನು ಕೂರಿಸುವುದು ಹೇಗೆ? ಬಾಗಿಲು ಮುಚ್ಚಲೇಬೇಕೆಂದು ಕೆಲವರು ಹಟ ಹಿಡಿದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮಧ್ಯಮ ಮಾರ್ಗ ಹಿಡಿದರು. ಪ್ರಾಯಶ್ಚಿತ್ತ ಮಾಡಿದವರು ಬರಬಹುದು, ಆದರೆ ಅದು ಅಗ್ಗವಾಗಬಾರದು ಎಂಬುದು ಅವರ ನಿಲುವು.

ಆ ಕಾಲದ ಪ್ರಾಯಶ್ಚಿತ್ತ ನಿಜಕ್ಕೂ ಅಗ್ಗವಾಗಿರಲಿಲ್ಲ. ಗೋಣಿತಟ್ಟು ಉಟ್ಟು, ಬೂದಿ ಬಳಿದುಕೊಂಡು, ಸಭೆಯವರ ಪ್ರಾರ್ಥನೆ ಬೇಡಬೇಕು. ಪರಮಪ್ರಸಾದವಿಲ್ಲದೆ ತಿಂಗಳು, ವರ್ಷಗಟ್ಟಲೆ ಕಳೆಯಬೇಕು. ರೋಮಿನಲ್ಲಿ ಈಸ್ಟರ್‌ಗೆ ಮುಂಚಿನ ಗುರುವಾರ ಅವರನ್ನು ಮರಳಿ ಸೇರಿಸಿಕೊಳ್ಳುವ ಪದ್ಧತಿ ಇತ್ತು. ಇಂದು ಬೂದಿ ಬುಧವಾರದಂದು ಎಲ್ಲರ ಹಣೆಗೂ ಹಚ್ಚುವ ಬೂದಿ ಆ ಪ್ರಾಯಶ್ಚಿತ್ತದ ಕುರುಹು.

ಚಕ್ರವರ್ತಿಗೂ ಇದರಿಂದ ವಿನಾಯಿತಿ ಇರಲಿಲ್ಲ. 390ರಲ್ಲಿ ಥೆಸಲೋನಿಕದಲ್ಲಿ ಸೇನಾಧಿಕಾರಿಯೊಬ್ಬ ದಂಗೆಯಲ್ಲಿ ಸತ್ತದ್ದಕ್ಕೆ ಪ್ರತೀಕಾರವಾಗಿ ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಸಾವಿರಾರು ಜನರನ್ನು ಕೊಂದರು. ಮಿಲಾನಿನ ಬಿಷಪ್ ಆಂಬ್ರೋಸ್ ಚಕ್ರವರ್ತಿಗೆ ಪತ್ರ ಬರೆದು, ಪಶ್ಚಾತ್ತಾಪ ಪಡುವವರೆಗೆ ಅವನ ಎದುರಿನಲ್ಲಿ ಬಲಿಪೂಜೆ ಅರ್ಪಿಸಲಾರೆನೆಂದು ತಿಳಿಸಿದರು. ಥಿಯೊಡೋಸಿಯಸ್ ರಾಜಚಿಹ್ನೆಗಳನ್ನು ಕಳಚಿ ಜನರೆದುರು ಅತ್ತು ಪ್ರಾಯಶ್ಚಿತ್ತ ಮಾಡಿದ.

ಆದರೆ ಈ ವ್ಯವಸ್ಥೆಯಲ್ಲಿ ದೊಡ್ಡ ದೋಷವೊಂದಿತ್ತು. ಇಂಥ ಪ್ರಾಯಶ್ಚಿತ್ತಕ್ಕೆ ಬದುಕಿನಲ್ಲಿ ಒಂದೇ ಅವಕಾಶ. ಮತ್ತೆ ಎಡವಿದರೆ ದಾರಿಯಿಲ್ಲ. ಆದ್ದರಿಂದ ಜನ ಅದನ್ನು ಮರಣಶಯ್ಯೆಯವರೆಗೂ ಮುಂದೂಡತೊಡಗಿದರು. ಕೆಲವೆಡೆ ಪಾಪಗಳ ಪಟ್ಟಿಯನ್ನು ಸಭೆಯಲ್ಲಿ ಓದಿಸುವ ರೂಢಿಯೂ ಬಂತು. 459ರಲ್ಲಿ ಪೋಪ್ ಒಂದನೇ ಲಿಯೋ ಅದನ್ನು ನಿಷೇಧಿಸಿ, ಗುರುಗಳ ಬಳಿ ಗುಟ್ಟಾಗಿ ಹೇಳಿದರೆ ಸಾಕು ಎಂದರು.

ಐರ್ಲೆಂಡಿನ ಸಂನ್ಯಾಸಿಗಳು

ಗುಟ್ಟಿನ ಪಾಪನಿವೇದನೆಗೆ ಇಂದಿನ ರೂಪ ಕೊಟ್ಟವರಲ್ಲಿ ಐರ್ಲೆಂಡಿನ ಸಂನ್ಯಾಸಿಗಳು ಮುಖ್ಯರು. ಮಠದಲ್ಲಿ ಶಿಷ್ಯನೊಬ್ಬ ಹಿರಿಯನ ಬಳಿ ಮನಸ್ಸು ಬಿಚ್ಚಿಡುವ ಅಭ್ಯಾಸವನ್ನು ಅವರು ಗೃಹಸ್ಥರಿಗೂ ವಿಸ್ತರಿಸಿದರು. ಎಷ್ಟು ಸಲ ಬೇಕಾದರೂ ಬರಬಹುದು. ಹೇಳಿದ್ದು ಹೊರಗೆ ಹೋಗದು. ಯಾವ ಪಾಪಕ್ಕೆ ಎಷ್ಟು ದಿನ ರೊಟ್ಟಿ ನೀರಿನ ಉಪವಾಸ ಎಂಬ ಕೈಪಿಡಿಗಳೂ ಹುಟ್ಟಿದವು. 615ರಲ್ಲಿ ತೀರಿಕೊಂಡ ಕೊಲಂಬಾನಸ್‌ನಂಥವರು ಇದನ್ನು ಯೂರೋಪಿನ ಮುಖ್ಯ ಭೂಭಾಗಕ್ಕೆ ಒಯ್ದರು. ಹಳಬರಿಗೆ ಇದು ಹಿಡಿಸಲಿಲ್ಲ. ಪದೇ ಪದೇ ಪಾಪ ಮಾಡಿ ಪದೇ ಪದೇ ಕ್ಷಮೆ ಕೇಳುವ ಪದ್ಧತಿಯನ್ನು 589ರ ಟೊಲೆಡೊ ಸಮ್ಮೇಳನ ಖಂಡಿಸಿತು. ಆದರೂ ಗೆದ್ದದ್ದು ಈ ಪದ್ಧತಿಯೇ.

1215ರಲ್ಲಿ ರೋಮಿನ ನಾಲ್ಕನೇ ಲ್ಯಾಟರನ್ ಮಹಾಸಮ್ಮೇಳನ ಇದಕ್ಕೆ ಕಾನೂನಿನ ಮುದ್ರೆ ಒತ್ತಿತು. ವಿವೇಕ ಬಂದ ಪ್ರತಿಯೊಬ್ಬ ಗಂಡು ಹೆಣ್ಣೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಈಸ್ಟರ್ ಸಮಯದಲ್ಲಿ ಪರಮಪ್ರಸಾದ ಸ್ವೀಕರಿಸಬೇಕು. ಗುಟ್ಟು ಬಿಟ್ಟುಕೊಟ್ಟ ಪಾದ್ರಿಗೆ ಪದಚ್ಯುತಿ, ಜೀವನಪರ್ಯಂತ ಕಠಿಣ ಮಠವಾಸ. ಪಾಪ ಹೇಳುವವರಿಗೂ ಕೇಳುವವರಿಗೂ ನಡುವೆ ಜಾಲರಿಯಿರುವ ಮರದ ಗೂಡು ಬಂದದ್ದು ಮಾತ್ರ ಮೂರೂವರೆ ಶತಮಾನ ಕಳೆದ ಮೇಲೆ. ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ 1577ರಲ್ಲಿ ಹೊರಡಿಸಿದ ಚರ್ಚ್ ಕಟ್ಟಡಗಳ ಸೂಚನೆಗಳಲ್ಲಿ ಅದರ ವಿವರವಿದೆ. ವಿಶೇಷವಾಗಿ ಸ್ತ್ರೀಯರ ರಕ್ಷಣೆ ಅದರ ಉದ್ದೇಶವಾಗಿತ್ತು. ಏಕಾಂತದ ಪಾಪನಿವೇದನೆ ದುರುಪಯೋಗವಾಗಬಹುದೆಂಬ ಅಳುಕು ಅಂದೇ ಇತ್ತೆನ್ನುವುದು ಗಮನಾರ್ಹ.

ಸುಧಾರಕರ ಉತ್ತರ

1517ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಮೊದಲ ತಕರಾರು ಪಾಪದ ಶಿಕ್ಷೆಗೆ ಹಣ ಪಡೆದು ವಿನಾಯಿತಿ ಪತ್ರ ನೀಡುವುದರ ವಿರುದ್ಧವಾಗಿತ್ತು. ಆದರೆ ಲೂಥರ್ ಪಾಪನಿವೇದನೆಯನ್ನು ಕೈಬಿಡಲಿಲ್ಲ; ಅದು ಬಲವಂತವಾಗಬಾರದು, ಎಲ್ಲ ಪಾಪಗಳನ್ನೂ ಎಣಿಸಿ ಒಪ್ಪಿಸಬೇಕಾಗಿಲ್ಲ ಎಂದರು. ಸ್ಟ್ರಾಸ್‌ಬರ್ಗ್, ಜಿನೀವಾಗಳ ಸುಧಾರಕರು ಇನ್ನೂ ಮುಂದೆ ಹೋಗಿ, ಇಡೀ ಸಭೆಯ ಒಟ್ಟು ಅರಿಕೆಯಿಂದಲೇ ಆರಾಧನೆ ಆರಂಭಿಸಿದರು.

ಇಂಗ್ಲೆಂಡಿನಲ್ಲಿ ಈ ಕೆಲಸ ಮಾಡಿದವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್. 1549ರ ಅವರ ಪ್ರಾರ್ಥನಾ ಪುಸ್ತಕದ ಬೆಳಗಿನ ಆರಾಧನೆಗೆ 1552ರ ಆವೃತ್ತಿಯಲ್ಲಿ ಹೊಸ ಆರಂಭ ಸೇರಿತು. ಅದರಲ್ಲಿ ಎಲ್ಲರೂ ಮೊಣಕಾಲೂರಿ ಒಟ್ಟಿಗೆ ಹೇಳುವ ಪಾಪದ ಅರಿಕೆ ಇತ್ತು. ರಾಜನಿಗೂ ಕೂಲಿಯವನಿಗೂ ಒಂದೇ ಮಾತು.

ಆ ಮಾತು ಬರೆದವರಿಗೇ ಮುಂದೆ ಪರೀಕ್ಷೆ ಕಾದಿತ್ತು. ರಾಣಿ ಮೇರಿಯ ಕಾಲದಲ್ಲಿ ಸೆರೆಯಾದ ಕ್ರಾನ್ಮರ್ ತಮ್ಮ ನಂಬಿಕೆಗಳನ್ನು ತೊರೆದೆನೆಂದು ಒಂದಲ್ಲ, ಹಲವು ಪತ್ರಗಳಿಗೆ ಸಹಿ ಹಾಕಿದರು. ಆದರೂ ಮರಣದಂಡನೆ ತಪ್ಪಲಿಲ್ಲ. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಜನರೆದುರು ಮಾತನಾಡಲು ನಿಂತಾಗ, ಭಯದಿಂದ ಸಹಿ ಹಾಕಿದ್ದೇ ತಮ್ಮ ದೊಡ್ಡ ತಪ್ಪೆಂದು ಒಪ್ಪಿಕೊಂಡರು. ತಪ್ಪು ಬರೆದ ಕೈಯೇ ಮೊದಲು ಬೇಯಲಿ ಎಂದು ಉರಿಯುವ ಬೆಂಕಿಗೆ ಬಲಗೈ ಚಾಚಿದರು.

ಕನ್ನಡ ನೆಲದಲ್ಲಿ

ಕರ್ನಾಟಕಕ್ಕೆ ಈ ಎರಡೂ ಧಾರೆಗಳು ಬಂದವು. ಕರಾವಳಿಯ ಕೊಂಕಣಿ ಕೆಥೊಲಿಕರ ‘ಕುಮ್ಸಾರ್’ ಗುರುಗಳ ಕಿವಿಯಲ್ಲಿ ಹೇಳುವ ಪಾಪನಿವೇದನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರದು ಸುಧಾರಕರ ಪರಂಪರೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆ 1950ರಲ್ಲಿ ತನ್ನದೇ ಪ್ರಭುಭೋಜನದ ಕ್ರಮ ರೂಪಿಸಿದಾಗ, ಪಾಪದ ಅರಿಕೆಯನ್ನು ಆರಂಭದ ‘ಸಿದ್ಧತೆ’ಯ ಭಾಗದಲ್ಲೇ ಇರಿಸಿತು.

ಕೆಥೊಲಿಕರ ಬಲಿಪೂಜೆಯಲ್ಲಿ ಆರಂಭದ ಅರಿಕೆ ಬಹುಕಾಲ ಪೀಠದ ಮೆಟ್ಟಿಲ ಬಳಿ ಗುರು ಮತ್ತು ಸಹಾಯಕರ ನಡುವೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಪೀಠಬಾಲಕರು ಅರ್ಥ ತಿಳಿಯದಿದ್ದರೂ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಮ್ಮೇಳನದ (1962–65) ಬಳಿಕ, 1969ರಲ್ಲಿ ಘೋಷಿತವಾದ ಹೊಸ ಪೂಜಾಕ್ರಮದಲ್ಲಿ ಅದು ಇಡೀ ಸಭೆಯ ಮಾತಾಯಿತು. ಜನರ ಭಾಷೆಗೂ ಬಂತು. ಆದರೆ ಇದು ಖಾಸಗಿ ಪಾಪನಿವೇದನೆಗೆ ಬದಲಿಯಲ್ಲ. ಘೋರ ಪಾಪಗಳಿಗೆ ಗುರುಗಳ ಬಳಿಗೇ ಹೋಗಬೇಕೆಂಬುದು ಕೆಥೊಲಿಕ್ ಸಭೆಯ ನಿಲುವು.

ವಿವಾದ ಮುಗಿದಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಪಾಪನಿವೇದನೆಯ ಗುಟ್ಟನ್ನು ಹಿಡಿದು ಮಹಿಳೆಯನ್ನು ಶೋಷಿಸಿದ ಆರೋಪ ಬಂದಾಗ, 2018ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಅಧ್ಯಕ್ಷೆ ಈ ಪದ್ಧತಿಯನ್ನೇ ರದ್ದುಪಡಿಸಲು ಶಿಫಾರಸು ಮಾಡಿದರು. ಕ್ರೈಸ್ತ ಸಭೆಗಳು ಅದನ್ನು ಬಲವಾಗಿ ವಿರೋಧಿಸಿದವು. ನಿಷೇಧ ಜಾರಿಗೆ ಬರಲಿಲ್ಲ. ಆದರೆ ಬೊರೊಮಿಯೊ ಜಾಲರಿ ಇರಿಸಿದ್ದು ಯಾವ ಭಯಕ್ಕೋ, ಅದು ಇಂದಿಗೂ ಮಾಯವಾಗಿಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿತು.

ಎಲ್ಲರೆದುರು ಹೇಳಿಸಿದಾಗ ಪಾಪಿಗೆ ಅವಮಾನ. ಗುಟ್ಟಾಗಿ ಹೇಳಿಸಿದಾಗ ಕೇಳುವವನ ಕೈಗೆ ಅಧಿಕಾರ. ಒಟ್ಟಾಗಿ ಹೇಳಿಸಿದಾಗ ಅದು ಬರೀ ಬಾಯಿಮಾತಾಗುವ ಅಪಾಯ. ಮೂರು ದಾರಿಗಳಲ್ಲೂ ತೊಡಕಿದೆ. ಅವುಗಳ ಹಿಂದಿರುವ ಮೂಲ ಕಟ್ಟಳೆ ಮಾತ್ರ ಸರಳ: ಜಗಳವಾಡಿದವನೊಡನೆ ಮೊದಲು ಮಾತಾಡು, ಆಮೇಲೆ ಪಂಕ್ತಿಗೆ ಬಾ. ಪಾಲಿಸಲು ಬಹುಶಃ ಅದೇ ಎಲ್ಲಕ್ಕಿಂತ ಕಷ್ಟದ್ದು.