ಹೆಪಟೈಟಿಸ್ ಸಿ ವೈರಸ್‌ನ ದತ್ತಸಂಚಯಗಳಲ್ಲಿ ಊರಿನ ಹೆಸರು: ಬೆಂಗಳೂರು ಗ್ರಾಮಾಂತರದಿಂದ ಒಂದು ನೋಟ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಯಾರಿಗೇ ಹೆಪಟೈಟಿಸ್ ಸಿ ಸೋಂಕು ಖಚಿತವಾದರೂ ಸರ್ಕಾರಿ ವ್ಯವಸ್ಥೆಯಲ್ಲಿ ಇಂದು ಉಚಿತ ಔಷಧಿಗೆ ದಾರಿಯಿದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ, ಸಿರೋಸಿಸ್ ಇಲ್ಲದವರಿಗೆ ಸೊಫೊಸ್‌ಬುವಿರ್ ಮತ್ತು ಡಕ್ಲಾಟಸ್ವಿರ್ ಮಾತ್ರೆಗಳನ್ನು 12 ವಾರ ಕೊಡುತ್ತಾರೆ. ವೈರಸ್‌ನ ಎಲ್ಲ ಜೀನೋಟೈಪ್‌ಗಳ, ಅಂದರೆ ತಳಿಗುಂಪುಗಳ, ಮೇಲೂ ಇವು ಕೆಲಸ ಮಾಡುವುದರಿಂದ ಜೀನೋಟೈಪ್ ಪರೀಕ್ಷೆಗೆ ಕಾಯಬೇಕಾಗಿಲ್ಲ. ರೋಗಿಗೆ ಇದು ದೊಡ್ಡ ಉಪಕಾರ. ಸಂಶೋಧಕನಿಗೆ ಮಾತ್ರ ಇದರಿಂದ ಒಂದು ಬಾಗಿಲು ಮುಚ್ಚುತ್ತದೆ: ವೈರಸ್ಸನ್ನು ಓದುವ ಮೊದಲೇ ಅಳಿಸುತ್ತಿದ್ದೇವೆ.

ಈ ವೈರಸ್‌ನ ಆರ್‌ಎನ್‌ಎ ಎಳೆಯ ಉದ್ದ ಸುಮಾರು 9,600 ನ್ಯೂಕ್ಲಿಯೋಟೈಡ್. ಅದನ್ನು ನಕಲು ಮಾಡುವ ಎನ್‌ಎಸ್5ಬಿ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿಯಿಲ್ಲ. ಹಾಗಾಗಿ ಒಬ್ಬ ರೋಗಿಯ ದೇಹದಲ್ಲೇ ಪರಸ್ಪರ ಭಿನ್ನವಾದ ವೈರಸ್‌ಗಳ ಸಮೂಹವಿರುತ್ತದೆ. ಜೀನೋಟೈಪ್‌ಗಳ ನಡುವೆ ಅನುಕ್ರಮದ ವ್ಯತ್ಯಾಸ ಸುಮಾರು ಶೇಕಡ 30. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಜೀನೋಟೈಪ್ 3. ದಕ್ಷಿಣದಲ್ಲಿ ಅದರ ಜೊತೆಗೆ 1 ಕೂಡ ಗಣನೀಯ.

ಇಷ್ಟು ವೈವಿಧ್ಯವನ್ನು ಒಂದೇ ಅಳತೆಗೋಲಿಗೆ ತರಲು ಅಮೆರಿಕದ ಲಾಸ್ ಅಲಾಮಸ್ ರಾಷ್ಟ್ರೀಯ ಪ್ರಯೋಗಾಲಯ ಎರಡು ಸಂಚಯಗಳನ್ನು ಕಟ್ಟಿತು. ಒಂದರಲ್ಲಿ ಅನುಕ್ರಮಗಳು, ಇನ್ನೊಂದರಲ್ಲಿ ಮನುಷ್ಯನ ರೋಗನಿರೋಧಕ ವ್ಯವಸ್ಥೆ ಗುರುತಿಸುವ ತುಣುಕುಗಳು, ಅಂದರೆ ಎಪಿಟೋಪ್‌ಗಳು. ಇವನ್ನು ವಿವರಿಸುವ ಪ್ರಬಂಧಗಳು 2005ರಲ್ಲಿ ಪ್ರಕಟವಾದವು. ಎಚ್77 ಎಂಬ ತಳಿಯನ್ನು ಆಧಾರವಾಗಿಟ್ಟುಕೊಂಡು ಪ್ರತಿ ಸ್ಥಾನಕ್ಕೂ ಸಂಖ್ಯೆ ಕೊಟ್ಟಿದ್ದರಿಂದ ಒಂದು ಪ್ರಯೋಗಾಲಯದ ಫಲಿತಾಂಶವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ಆ ಎಚ್77 ಜೀನೋಟೈಪ್ 1ಎಗೆ ಸೇರಿದ್ದು ಎಂಬುದನ್ನು ನಾವು ಮರೆಯಬಾರದು.

ಯಾಕೆಂದರೆ ಎನ್‌ಎಸ್3 ಪ್ರೋಟೀನ್‌ನಲ್ಲಿ 1073ರಿಂದ 1081ರವರೆಗಿನ ಒಂಬತ್ತು ಅಮೈನೋ ಆಮ್ಲಗಳ ತುಣುಕು ಬಹಳ ಅಧ್ಯಯನಕ್ಕೊಳಗಾದ ಎಪಿಟೋಪ್. ಎಚ್‌ಎಲ್‌ಎ-ಎ2 ಎಂಬ ರೋಗನಿರೋಧಕ ಪ್ರೋಟೀನ್ ಇರುವವರ ಟಿ ಕೋಶಗಳು ಅದನ್ನು ಗುರುತಿಸುತ್ತವೆ. ಜೀನೋಟೈಪ್ 3ರಲ್ಲಿ ಇದೇ ತುಣುಕು ಬದಲಾಗಿದೆ. ಜೀನೋಟೈಪ್ 1ರ ರೂಪಕ್ಕೆ ಪಳಗಿದ ಟಿ ಕೋಶಗಳು ಅದನ್ನು ಸರಿಯಾಗಿ ಗುರುತಿಸುವುದಿಲ್ಲ. ಎಚ್‌ಎಲ್‌ಎ-ಎ2 ಕೂಡ ಎಲ್ಲೆಡೆ ಒಂದೇ ಅಲ್ಲ. ಯುರೋಪಿನವರಲ್ಲಿ 02:01 ರೂಪ ಸಾಮಾನ್ಯವಾದರೆ ಭಾರತೀಯರಲ್ಲಿ 02:11 ಹೆಚ್ಚಾಗಿ ಕಾಣುತ್ತದೆ. ವೈರಸ್ಸೂ ಬೇರೆ, ಅದನ್ನು ಎದುರಿಸುವ ದೇಹವೂ ಬೇರೆ. ಅಲ್ಲಿಯ ಎಪಿಟೋಪ್ ಪಟ್ಟಿಯನ್ನೇ ನಂಬಿ ಇಲ್ಲಿಗೆ ಲಸಿಕೆ ರೂಪಿಸಿದರೆ ಅದು ಅರ್ಧ ಕೆಲಸವಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಅವರ ತಂಡ 3ಎ ಪ್ರಭೇದದ ಪ್ರೋಟೀನ್‌ಗಳಿಂದ ವೈರಸ್‌ನಂಥ ಕಣಗಳನ್ನು ರೂಪಿಸಿ ಪರೀಕ್ಷಿಸಿದ್ದು ಈ ಕಾರಣಕ್ಕೇ ನನಗೆ ಮುಖ್ಯವೆನಿಸುತ್ತದೆ.

ಜೀನೋಟೈಪ್ 8ರ ಕಥೆ ಇನ್ನೂ ಯೋಚನೆಗೆ ಹಚ್ಚುತ್ತದೆ. ಅದು 2018ರಲ್ಲಿ ವರದಿಯಾದದ್ದು ಕೆನಡಾದಿಂದ. ರೋಗಿಗಳು ಮಾತ್ರ ಪಂಜಾಬ್ ಮೂಲದವರು. ನಮ್ಮ ನೆಲದ ವೈರಸ್ ಪರದೇಶದಲ್ಲಿ ಹೆಸರು ಪಡೆಯಿತು.

ಜೆನ್‌ಬ್ಯಾಂಕ್ ಎಂಬ ಅನುಕ್ರಮ ಸಂಚಯದ ದಾಖಲೆಯಲ್ಲಿ ಸ್ಥಳ ನಮೂದಿಸುವ ಅಂಕಣದಲ್ಲಿ ‘ಇಂಡಿಯಾ’ ಎಂದಷ್ಟೇ ಬರೆದರೂ ನಡೆಯುತ್ತದೆ. ಅದರ ಮುಂದೆ ರಾಜ್ಯ, ಊರು ಸೇರಿಸುವುದು ಸಲ್ಲಿಸುವವರ ಇಚ್ಛೆ. ಹೊಸಕೋಟೆಯವರ ರಕ್ತ ಬೆಂಗಳೂರಿನ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಸ್ಥಳದ ಅಂಕಣದಲ್ಲಿ ಬೆಂಗಳೂರು ಎಂದೇ ದಾಖಲಾದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆ ನಕ್ಷೆಯಿಂದಲೇ ಅಳಿದುಹೋಗುತ್ತದೆ. ಇದರ ಬೆಲೆ ತಿಳಿಯುವುದು ಡಯಾಲಿಸಿಸ್ ಘಟಕದಲ್ಲಿ. ಅಲ್ಲಿ ಇಬ್ಬರಿಗೆ ಸೋಂಕು ತಗುಲಿದರೆ, ಇ2 ಪ್ರೋಟೀನ್‌ನ 384ರಿಂದ 410ರವರೆಗಿನ ಅತಿ ಚಂಚಲ ಭಾಗವನ್ನು ಹೋಲಿಸಿ ಒಬ್ಬರಿಂದ ಒಬ್ಬರಿಗೆ ಹರಡಿತೋ, ಬೇರೆ ಬೇರೆ ಕಡೆಯಿಂದ ಬಂತೋ ಎಂದು ತೂಗಿ ನೋಡಬಹುದು. ಸುತ್ತಲಿನ ಊರುಗಳಲ್ಲಿರುವ ವೈರಸ್‌ನ ಅನುಕ್ರಮಗಳು ಕೈಯಲ್ಲಿರದಿದ್ದರೆ ಆ ತೂಕಕ್ಕೆ ಕಲ್ಲೇ ಇರುವುದಿಲ್ಲ.

ಹಾಗೆಂದು ಹಳ್ಳಿಯ ಹೆಸರು ಬರೆಯುವುದು ಸಲ್ಲದು. ನೂರು ಮನೆಯ ಊರಿನಲ್ಲಿ ರೋಗಿ ಯಾರೆಂದು ಗೊತ್ತಾಗಿಬಿಡುತ್ತದೆ. ತಾಲ್ಲೂಕು ಮತ್ತು ವರ್ಷ ಸಾಕು. ಫರೀದಾಬಾದ್‌ನಲ್ಲಿ 2022ರಲ್ಲಿ ಆರಂಭವಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಇಂಥ ಅನುಕ್ರಮಗಳನ್ನು ಸ್ವೀಕರಿಸುತ್ತದೆ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಮೂರು ಕಡೆಯೂ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯ ಸೂಕ್ಷ್ಮಜೀವಿಶಾಸ್ತ್ರ ವಿಭಾಗದವರಲ್ಲಿ ನನ್ನ ವಿನಂತಿ ಇಷ್ಟೇ: ಚಿಕಿತ್ಸೆಯ ಮೊದಲ ಮಾತ್ರೆ ಕೊಡುವ ಮುನ್ನ, ರೋಗಿಯ ಒಪ್ಪಿಗೆ ಪಡೆದು, ಒಂದಿಷ್ಟು ಸೀರಮ್ ತೆಗೆದಿಡಿ.