ಮುಷ್ಟಿಯೊಳಗಿನ ಎಚ್ಚರ

ಸೈನಿಕ ಗುಂಡು ಹಾರಿಸಲೆಂದೇ ಬಂದೂಕು ಹಿಡಿದು ಹೊರಡುತ್ತಾನೆ. ಪೊಲೀಸಿನವನ ಪಿಸ್ತೂಲು ಹಾಗಲ್ಲ. ಮೂವತ್ತು ವರ್ಷ ಸೊಂಟದಲ್ಲಿ ತೂಗಾಡಿದರೂ ಅಭ್ಯಾಸದ ಮೈದಾನ ಬಿಟ್ಟು ಬೇರೆಲ್ಲೂ ಸದ್ದು ಮಾಡದೇ ಇರಬಹುದು. ಆದ್ದರಿಂದ ಅದನ್ನು ರೂಪಿಸುವವನಿಗೆ ಎರಡು ಚಿಂತೆ. ಬೇಕಾದ ಕ್ಷಣದಲ್ಲಿ ಅದು ತಪ್ಪದೆ ಸಿಡಿಯಬೇಕು, ಬೇಡವಾದಾಗ ಎಂದೂ ಸಿಡಿಯಬಾರದು. ಇವೆರಡೂ ದಾಯಾದಿಗಳಿದ್ದಂತೆ, ಒಂದಕ್ಕೆ ಅನುಕೂಲವಾದದ್ದು ಇನ್ನೊಂದಕ್ಕೆ ತೊಡಕು. ಯಂತ್ರಗಳ ಬಗ್ಗೆ ಓದುವ ಚಟವಿರುವ ನನಗೆ, ಈ ಜಗಳ ಬಿಡಿಸಲು ಜರ್ಮನರು ಪಟ್ಟ ಪಾಡು ಯುದ್ಧಕಥೆಗಳಿಗಿಂತ ಸ್ವಾರಸ್ಯವೆನಿಸಿದೆ.

ಅರೆ ಸ್ವಯಂಚಾಲಿತ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತಿದಷ್ಟು ಸಲ ಒಂದೊಂದೇ ಗುಂಡು ಹಾರುತ್ತದೆ. ಖಾಲಿ ತೋಟೆಯನ್ನು ಹೊರಗೆಸೆದು ಮುಂದಿನದನ್ನು ತುಂಬುವ ಕೆಲಸವನ್ನು ಯಂತ್ರವೇ ಮಾಡುತ್ತದೆ. 1929ರಲ್ಲಿ ವಾಲ್ಥರ್ ಕಂಪನಿ ಪೊಲೀಸರಿಗಾಗಿಯೇ ಇಂಥದೊಂದನ್ನು ಮಾಡಿ 'ಪಿ.ಪಿ.', ಅಂದರೆ ಪೊಲೀಸ್ ಪಿಸ್ತೂಲು ಎಂದೇ ಹೆಸರಿಟ್ಟಿತು. 7.65 ಮಿಲಿಮೀಟರ್ ಗುಂಡಿನ ಈ ಪುಟ್ಟ ಆಯುಧ ಎರಡನೆಯ ಮಹಾಯುದ್ಧ ಮುಗಿದ ಮೇಲೂ ಪಶ್ಚಿಮ ಜರ್ಮನಿಯ ಪೊಲೀಸರ ಸೊಂಟದಲ್ಲಿ ಉಳಿಯಿತು. ಅದಕ್ಕೊಂದು ಸುರಕ್ಷತಾ ಸನ್ನೆಯಿತ್ತು. ಅದು ಹಾಕಿದ್ದರೆ, ತೆಗೆಯಬೇಕೆಂಬುದು ಪ್ರಾಣಭಯದ ಗಳಿಗೆಯಲ್ಲಿ ನೆನಪಾಗಬೇಕು.

1972ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಪ್ಯಾಲೆಸ್ತೀನಿ ಬಂದೂಕುಧಾರಿಗಳ ದಾಳಿಯಲ್ಲಿ ಇಸ್ರೇಲ್ ತಂಡದ 11 ಮಂದಿ ಸತ್ತರು. ಬಿಡಿಸಲು ಹೋದ ಪೊಲೀಸರಲ್ಲೂ ಒಬ್ಬ ಪ್ರಾಣ ಕಳೆದುಕೊಂಡ. ಆ ಸೋಲಿಗೆ ಪಿಸ್ತೂಲು ಕಾರಣವಲ್ಲ. ಯೋಜನೆ, ತರಬೇತಿ ಎಲ್ಲವೂ ಕೈಕೊಟ್ಟಿದ್ದವು. ಆದರೆ ಆ ರಾತ್ರಿಯ ನಂತರ ಪೊಲೀಸರು ತಮ್ಮ ಎಲ್ಲ ಸಲಕರಣೆಯನ್ನೂ ಹೊಸದಾಗಿ ನೋಡತೊಡಗಿದರು. 1970ರ ದಶಕದ ನಡುವೆ ಹೊಸ ಪಿಸ್ತೂಲಿಗೆ ಷರತ್ತುಗಳ ಪಟ್ಟಿ ಸಿದ್ಧವಾಯಿತು. ಗುಂಡು 9 ಮಿಲಿಮೀಟರ್. ತೂಕ 1 ಕಿಲೋ ಮೀರಬಾರದು. ಉದ್ದ 180, ಎತ್ತರ 130, ದಪ್ಪ 34 ಮಿಲಿಮೀಟರ್ ಒಳಗಿರಬೇಕು. 10,000 ಗುಂಡು ಹಾರಿಸಿದರೂ ಕೆಡಬಾರದು. ಕೊನೆಯದು ಮುಖ್ಯವಾದದ್ದು: ಕೈಯಿಂದ ತೆಗೆಯಬೇಕಾದ ಸುರಕ್ಷತಾ ಸನ್ನೆ ಇರಲೇಬಾರದು.

ಅಂದರೆ ಎಚ್ಚರಿಕೆಯನ್ನು ಮನುಷ್ಯನ ನೆನಪಿನಿಂದ ಕಿತ್ತು ಯಂತ್ರದೊಳಕ್ಕೆ ಇಡಬೇಕಿತ್ತು. ವಾಲ್ಥರ್ ತನ್ನ ಪಿ5ರಲ್ಲಿ, ಟ್ರಿಗರ್ ಪೂರ್ತಿ ಎಳೆಯುವ ತನಕ ಸಿಡಿಮೊಳೆ ಸುತ್ತಿಗೆಗೆ ಎದುರಾಗದಂತೆ ಮಾಡಿತು. ಸ್ವಿಟ್ಜರ್ಲೆಂಡಿನ ಸಿಗ್ ಜರ್ಮನಿಯ ಸಾವರ್ ಜೊತೆ ಸೇರಿ ಮಾಡಿದ ಪಿ6, ಮೊಳೆಗೇ ಅಡ್ಡಗೋಲು ಹಾಕಿತು. ಎರಡರಲ್ಲೂ ಒಂದು ತೊಡಕು ಉಳಿಯಿತು. ಮೊದಲ ಗುಂಡಿಗೆ ಟ್ರಿಗರನ್ನು ದೂರ, ಜೋರಾಗಿ ಎಳೆಯಬೇಕು. ಎರಡನೆಯದಕ್ಕೆ ಹಗುರವಾಗಿ ಎಳೆದರೆ ಸಾಕು.

ಮೂರನೆಯವರು ಓಬರ್ನ್‌ಡಾರ್ಫ್ ಊರಿನ ಹೆಕ್ಲರ್ ಅಂಡ್ ಕಾಖ್. ಯುದ್ಧದ ನಂತರ ಫ್ರೆಂಚರು ಮೌಸರ್ ಕಾರ್ಖಾನೆಯನ್ನು ಕಳಚಿ ಹಾಕಿದ ಮೇಲೆ ಅಲ್ಲಿಯ ಎಂಜಿನಿಯರುಗಳು 1949ರಲ್ಲಿ ಕಟ್ಟಿದ ಕಂಪನಿ ಅದು. ಅವರ ಪಿ7ರಲ್ಲಿ ಹಿಡಿಕೆಯ ಮುಂಭಾಗವೇ ಒಂದು ಸನ್ನೆ. ಮುಷ್ಟಿ ಬಿಗಿದರೆ ಪಿಸ್ತೂಲು ಸಿದ್ಧ, ಸಡಿಲಿಸಿದರೆ ನಿಶ್ಚಲ. ಕೈಜಾರಿ ಬಿದ್ದರೆ ನೆಲ ಮುಟ್ಟುವ ಮೊದಲೇ ಅದು ನಿದ್ದೆಗೆ ಜಾರಿರುತ್ತದೆ. ಮೊದಲ ಗುಂಡಿಗೂ ಕೊನೆಯದಕ್ಕೂ ಟ್ರಿಗರಿನ ಎಳೆತ ಒಂದೇ. ಬವೇರಿಯಾದ ಪೊಲೀಸರು ಅದನ್ನೇ ಆರಿಸಿಕೊಂಡರು.

ಇಷ್ಟು ಜಾಣತನಕ್ಕೂ ಬೆಲೆ ತೆರಬೇಕಾಯಿತು. ಪಿ7 ದುಬಾರಿ. ಗುಂಡಿನ ಅನಿಲವನ್ನೇ ಬಳಸಿ ಮೇಲಿನ ಜಾರುಭಾಗವನ್ನು ತಡೆಹಿಡಿಯುತ್ತಿದ್ದುದರಿಂದ, ಒಂದೇ ಸಮನೆ ಹಾರಿಸಿದರೆ ಟ್ರಿಗರಿನ ಬಳಿ ಕಾವೇರುತ್ತಿತ್ತು. ಇನ್ನೊಂದು ಆಕ್ಷೇಪ ಯೋಚನೆಗೆ ಹಚ್ಚುವಂಥದು. ಬೆಚ್ಚಿಬಿದ್ದ ಮನುಷ್ಯ ಬೆರಳುಗಳನ್ನು ಬೇರೆಬೇರೆಯಾಗಿ ಮಡಚುವುದಿಲ್ಲ, ಇಡೀ ಮುಷ್ಟಿಯನ್ನೇ ಬಿಗಿಯುತ್ತಾನೆ. ತೋರುಬೆರಳು ಟ್ರಿಗರಿನ ಮೇಲಿದ್ದರೆ ಪಿಸ್ತೂಲನ್ನು ಎಬ್ಬಿಸುವುದೂ ಸಿಡಿಸುವುದೂ ಒಂದೇ ಹಿಡಿತದಲ್ಲಿ ಮುಗಿದುಹೋಗಬಹುದು. ಹಾಗಾಗಿ ಬೆರಳನ್ನು ಹೊರಗಿಡುವ ಅಭ್ಯಾಸವನ್ನು ಪೊಲೀಸಿನವನಿಗೆ ಮತ್ತೆ ಕಲಿಸಲೇಬೇಕಾಯಿತು.

1982ರಲ್ಲಿ ಆಸ್ಟ್ರಿಯಾದ ಸೈನ್ಯ ಒಪ್ಪಿಕೊಂಡ ಗ್ಲಾಕ್, ಪ್ಲಾಸ್ಟಿಕ್ ಮೈಯ ಅಗ್ಗದ ಪಿಸ್ತೂಲು, ಸುರಕ್ಷತಾ ಸನ್ನೆಯನ್ನು ಟ್ರಿಗರಿನ ನಡುವೆಯೇ ಕೂರಿಸಿ ದಾರಿ ಬದಲಿಸಿತು. ಪಿ7ರ ತಯಾರಿಕೆ ನಿಂತುಹೋಯಿತು. ಬವೇರಿಯಾವೂ 2010ರ ದಶಕದ ಕೊನೆಗೆ ಅದೇ ಕಂಪನಿಯ ಪ್ಲಾಸ್ಟಿಕ್ ಮೈಯ ಎಸ್‌ಎಫ್‌ಪಿ9ಕ್ಕೆ ಹೊರಳಿತು. ಅದರಲ್ಲಿ ಹಿಂಡುವ ಹಿಡಿಕೆಯಿಲ್ಲ. ಆದರೂ ಗುಂಡು ಹಾರಿಸುವ ಗಳಿಗೆ ಬರುವ ತನಕ ಬೆರಳು ಟ್ರಿಗರಿನ ಹೊರಗಿರಬೇಕೆಂಬ ಪಾಠ ಹಾಗೆಯೇ ಉಳಿದಿದೆ.