ಭೇಲನ ರಸ, ಹಾರ್ವೆಯ ರಕ್ತ: ಒಂದು ಶ್ಲೋಕದ ಮರುಪರಿಶೀಲನೆ

‘ಹೃದಯ’ ಎಂಬ ಪದದೊಳಗೇ ಹೃದಯದ ಕೆಲಸ ಅಡಗಿದೆ ಎಂಬ ಮಾತು ಕನ್ನಡದ ಆರೋಗ್ಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಹೃ’ ಎಂದರೆ ತರುವುದು, ‘ದ’ ಎಂದರೆ ಕೊಡುವುದು, ‘ಯ’ ಎಂದರೆ ಸಾಗುವುದು. ಮೈಯ ರಕ್ತವನ್ನು ಬರಮಾಡಿಕೊಂಡು, ಮರಳಿ ಮೈಗೆ ಕೊಟ್ಟು, ಎಡೆಬಿಡದೆ ನಡೆಯುವ ಪಂಪನ್ನು ನಮ್ಮ ಪೂರ್ವಿಕರು ಮೂರೇ ಅಕ್ಷರಗಳಲ್ಲಿ ಹೇಳಿಟ್ಟರು ಎಂಬುದು ವಾದ. ಇದಕ್ಕೆ ಬೆಂಬಲವಾಗಿ ಭೇಲ ಸಂಹಿತೆ ಎಂಬ ಹಳೆಯ ಆಯುರ್ವೇದ ಗ್ರಂಥದ ಒಂದು ಶ್ಲೋಕವನ್ನೂ ಕೊಡುವುದುಂಟು. ಈ ವಾದಕ್ಕೆ ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದ್ದ ಗೊಂಡಲ್ ಸಂಸ್ಥಾನದ ಅರಸ ಭಗವತ್ ಸಿಂಹಜಿ 1896ರಲ್ಲಿ ಆರ್ಯರ ವೈದ್ಯಶಾಸ್ತ್ರದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ರಕ್ತಪರಿಚಲನೆಯ ಅರಿವು ಹಾರ್ವೆಗಿಂತ ಮೊದಲೇ ಭಾರತೀಯ ವೈದ್ಯರಿಗಿತ್ತು ಎಂದು ಅವರು ಅದರಲ್ಲಿ ಪ್ರತಿಪಾದಿಸಿದರು. ವಸಾಹತು ಆಡಳಿತ ನಾಡಿನ ವೈದ್ಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುತ್ತಿದ್ದ ಹೊತ್ತಿನಲ್ಲಿ ಬಂದ ಆ ಕೃತಿಯ ಹಿಂದಿನ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಅವರ ನಿರ್ಣಯವನ್ನು ಒಪ್ಪಲಾರೆ. ಏಕೆ ಎಂಬುದಕ್ಕೆ ಮೂಲಪಠ್ಯಗಳಲ್ಲೇ ಕಾರಣಗಳಿವೆ.

ಒಮ್ಮತವಿರುವ ಸಂಗತಿಗಳನ್ನು ಮೊದಲು ಚುಟುಕಾಗಿ ಹೇಳಿಬಿಡಬಹುದು. ಹೃದಯವು ನಾಲ್ಕು ಕೋಣೆಗಳ, ನಾಲ್ಕು ಕವಾಟಗಳ ಸ್ನಾಯುಚೀಲ. ಮೈಯಿಂದ ಬಂದ ರಕ್ತವನ್ನು ಬಲಭಾಗ ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿಂದ ಆಮ್ಲಜನಕ ತುಂಬಿಕೊಂಡು ಬಂದದ್ದನ್ನು ಎಡಭಾಗ ಮೈಗೆಲ್ಲ ಕಳಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಅದೆಲ್ಲ ನಿಮಿಷಕ್ಕೊಮ್ಮೆ ಸುತ್ತು ಮುಗಿಸುತ್ತದೆ ಎನ್ನಬಹುದು. ಬಡಿತದ ಆಜ್ಞೆ ಮೆದುಳಿನಿಂದ ಬರಬೇಕಾಗಿಲ್ಲ; ಬಲ ಹೃತ್ಕರ್ಣದ ಗೋಡೆಯಲ್ಲಿರುವ, ಕೀತ್ ಮತ್ತು ಫ್ಲಾಕ್ 1907ರಲ್ಲಿ ಗುರುತಿಸಿದ ಪುಟ್ಟ ಗಂಟಿನಲ್ಲಿ ಅದು ತಾನಾಗಿ ಹುಟ್ಟುತ್ತದೆ. ಈ ಆಜ್ಞೆ ಕೆಟ್ಟರೆ ಲಯ ತಪ್ಪುತ್ತದೆ. ಕವಾಟ ಕೆಟ್ಟರೆ ರಕ್ತ ಹಿಮ್ಮುಖವಾಗಿ ಸೋರುತ್ತದೆ ಅಥವಾ ಮುಂದೆ ಹೋಗಲು ತಿಣುಕುತ್ತದೆ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಪರಿಧಮನಿಯಲ್ಲಿ ಗರಣೆ ಕಟ್ಟಿ ದಾರಿ ಮುಚ್ಚಿದರೆ ಹೃದಯಾಘಾತ. ಸ್ನಾಯು ಸೋತು ಬೇಕಾದಷ್ಟು ತಳ್ಳಲಾರದೆ ಹೋದರೆ ಹೃದಯ ವೈಫಲ್ಯ. ಕಾಲು ಊದುವುದೂ ಮಲಗಿದರೆ ಉಸಿರು ಕಟ್ಟುವುದೂ ಅದರ ಲಕ್ಷಣ.

ಈ ತಿಳಿವಳಿಕೆಯ ಬುನಾದಿ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪುಸ್ತಕ. ಅವನ ಸಾಧನೆ ಯಾವುದರಲ್ಲಿದೆ ಎಂಬುದು ನಮ್ಮ ಚರ್ಚೆಗೆ ಮುಖ್ಯ. ರಕ್ತ ಚಲಿಸುತ್ತದೆ ಎಂದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಪಂಥದವರಿಗೂ ಗೊತ್ತಿತ್ತು. ಬಲಭಾಗದ ರಕ್ತ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರಬೇಕೆಂದು 13ನೇ ಶತಮಾನದ ಇಬ್ನ್ ಅಲ್ ನಫೀಸ್ ಹೇಳಿದ್ದ. ಹಾರ್ವೆ ಕೇಳಿದ್ದು ‘ಎಷ್ಟು?’ ಎಂಬ ಪ್ರಶ್ನೆಯನ್ನು. ಬಡಿತಕ್ಕೆ ಅರ್ಧ ಔನ್ಸ್ ರಕ್ತ ಹೊರಬಿದ್ದರೂ, ಅರ್ಧ ಗಂಟೆಗೆ ಸಾವಿರವೇ ಬಡಿತ ಎಂದುಕೊಂಡರೂ, 500 ಔನ್ಸ್ ಆಗುತ್ತದೆ. ತಿಂದ ಅನ್ನದಿಂದ ಅಷ್ಟು ರಕ್ತ ಹುಟ್ಟಲಾರದು, ಮೈಯಲ್ಲಿ ಅಷ್ಟು ಹಿಡಿಯಲೂ ಆರದು. ಹಾಗಾದರೆ ಹೋದದ್ದೇ ತಿರುಗಿ ಬರುತ್ತಿರಬೇಕು. ತೋಳಿಗೆ ಪಟ್ಟಿ ಬಿಗಿದು, ತನ್ನ ಗುರು ಫ್ಯಾಬ್ರೀಷಿಯಸ್ 1603ರಲ್ಲಿ ವಿವರಿಸಿದ್ದ ಅಭಿಧಮನಿಯ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂದು ಅವನು ತೋರಿಸಿಕೊಟ್ಟ. ಆದ್ದರಿಂದ ‘ಪರಿಚಲನೆ’ ಎಂದರೆ ಬರಿಯ ಚಲನೆಯೂ ಅಲ್ಲ, ಹಂಚಿಕೆಯೂ ಅಲ್ಲ, ಹೋದದ್ದೇ ಮರಳುವುದು. ಪ್ರಾಚೀನ ಪಠ್ಯಗಳಲ್ಲಿ ನಾವು ಹುಡುಕಬೇಕಾದದ್ದು ಈ ಮರಳುವಿಕೆಯನ್ನು.

ಮೂರಕ್ಷರದ ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರ ಮೂಲ ಶತಪಥ ಬ್ರಾಹ್ಮಣದ ಕೊನೆಯ ಕಾಂಡ, ಅಂದರೆ ಬೃಹದಾರಣ್ಯಕ ಉಪನಿಷತ್ತಿನ ಐದನೆಯ ಅಧ್ಯಾಯ. ಅಲ್ಲಿ ಹೃದಯವನ್ನು ಪ್ರಜಾಪತಿಯೆಂದು, ಬ್ರಹ್ಮವೆಂದು ಹೇಳಿ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಲಾಗಿದೆ. ಹೀಗೆ ಅರಿತವನಿಗೆ ತನ್ನವರೂ ಪರರೂ ತಂದೊಪ್ಪಿಸುತ್ತಾರೆ, ಕೊಡುತ್ತಾರೆ. ಅವನು ಸ್ವರ್ಗಲೋಕಕ್ಕೆ ಸಾಗುತ್ತಾನೆ. ತರುವವರು ಜನ, ಪಡೆಯುವವನು ಜ್ಞಾನಿ, ಸಾಗುವುದು ಸ್ವರ್ಗಕ್ಕೆ. ಇಡೀ ಪ್ರಕರಣದಲ್ಲಿ ರಕ್ತದ ಮಾತೇ ಇಲ್ಲ. ಇದು ಉಪಾಸನೆಯ ನಿರ್ವಚನ. ಆ ಪ್ರಕಾರದಲ್ಲಿ ಬಹಳ ಸುಂದರವಾದದ್ದೂ ಹೌದು. ಭಾಷಾಶಾಸ್ತ್ರದ ದೃಷ್ಟಿಯಿಂದಲೂ ‘ಹೃದ್’ ಶಬ್ದ ಗ್ರೀಕಿನ ‘ಕಾರ್ದಿಯಾ’, ಲ್ಯಾಟಿನಿನ ‘ಕೋರ್’ ಶಬ್ದಗಳ ಬಳಗಕ್ಕೆ ಸೇರಿದೆ. ಒಯ್ಯು, ತರು ಎಂಬರ್ಥದ ‘ಹೃ’ ಧಾತುವಿನ ಮೂಲ ಬೇರೆ. ಮೊದಲ ವ್ಯಂಜನ ನಿಯಮದಂತೆ ‘ಶ’ ಆಗಬೇಕಿತ್ತು, ‘ಹ’ ಆದದ್ದೇಕೆ ಎಂಬ ತೊಡಕು ಭಾಷಾಶಾಸ್ತ್ರಜ್ಞರಿಗೆ ಇದ್ದೇ ಇದೆ. ಆ ‘ಶ’ಕಾರ ‘ಶ್ರದ್ಧಾ’ ಶಬ್ದದಲ್ಲಿ ಉಳಿದಿದೆ ಎಂಬುದು ವಿದ್ವಾಂಸರಲ್ಲಿ ಬಳಕೆಯಲ್ಲಿರುವ ಅಭಿಪ್ರಾಯ. ನಂಬುವುದೆಂದರೆ ಎದೆಯನ್ನು ಇಡುವುದು ಎಂಬ ಈ ಅರ್ಥ ಪಂಪಿನ ಅರ್ಥಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಇನ್ನು ಸುಶ್ರುತ. ರಸದ, ಅಂದರೆ ಪಚನವಾದ ಅನ್ನದಿಂದ ಹುಟ್ಟುವ ಪೋಷಕ ದ್ರವದ, ನೆಲೆ ಹೃದಯ; ಅಲ್ಲಿಂದ ಅದು 24 ಧಮನಿಗಳನ್ನು ಹೊಕ್ಕು, ಮೇಲಕ್ಕೆ ಹತ್ತು, ಕೆಳಕ್ಕೆ ಹತ್ತು, ಅಡ್ಡಕ್ಕೆ ನಾಲ್ಕರ ಮೂಲಕ ಮೈಯನ್ನು ತಣಿಸುತ್ತದೆ ಎಂದು ಸೂತ್ರಸ್ಥಾನ ಹೇಳುತ್ತದೆ. ಇಂದಿನ ಓದುಗನಿಗೆ ಇದು ಮಹಾಪಧಮನಿಯ ವರ್ಣನೆಯಂತೆಯೇ ಕೇಳಿಸುತ್ತದೆ. ಹಾಗೆ ಕೇಳಿಸಲು ನಮ್ಮ ಪಾರಿಭಾಷಿಕ ಪದಗಳೂ ಕಾರಣ. ಪಠ್ಯಪುಸ್ತಕಕ್ಕೆ ಹೊಸ ಪದಗಳು ಬೇಕಾದಾಗ ಹಳೆಯ ‘ಧಮನಿ’ಯನ್ನೇ ತೆಗೆದುಕೊಂಡು ‘ಅಪಧಮನಿ’, ‘ಅಭಿಧಮನಿ’ ಎಂದು ರೂಪಿಸಿದೆವು. ಆಮೇಲೆ ಅದೇ ಹೊಸ ಅರ್ಥವನ್ನು ಹೊತ್ತು ಹಳೆಯ ಗ್ರಂಥಕ್ಕೆ ಮರಳಿದೆವು. ಆದರೆ ಶಾರೀರಸ್ಥಾನದ ಧಮನಿಗಳು ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳನ್ನೂ ಮಾತು, ನಗು, ಅಳುಗಳನ್ನೂ ಒಯ್ಯುತ್ತವೆ. ಅಲ್ಲಿ ಅವುಗಳ ಹುಟ್ಟು ಹೃದಯದಲ್ಲಲ್ಲ, ಹೊಕ್ಕುಳಿನಲ್ಲಿ. ಸಿರೆಗಳ ಮೂಲವೂ ಹೊಕ್ಕುಳೇ: ಒಟ್ಟು 700, ವಾತ, ಪಿತ್ತ, ಕಫ, ರಕ್ತಗಳಿಗೆ ತಲಾ 175. ರಕ್ತಕ್ಕೆ ಮೀಸಲಾದ ಪಾಲು ಕಾಲುಭಾಗ ಮಾತ್ರ. ಗರ್ಭಸ್ಥ ಶಿಶುವಿಗೆ ಪೋಷಣೆ ಹೊಕ್ಕುಳಬಳ್ಳಿಯಿಂದ ಬರುವುದನ್ನು ಬಲ್ಲ ವೈದ್ಯನಿಗೆ ಇದು ಸಹಜವಾದ ಎಣಿಕೆ. ಸಿರೆಗಳು ಮೈಯನ್ನು ಪೋಷಿಸುವ ಬಗೆಗೆ ಸುಶ್ರುತ ಕೊಡುವ ಹೋಲಿಕೆ ತೋಟದ ಕಾಲುವೆ, ಗದ್ದೆಯ ಕಾಲುವೆ. ನೀರು ಹಾಯಿಸಿದ ಯಾವ ರೈತನಾದರೂ ಬಲ್ಲ: ಮಡಿಗೆ ಬಿಟ್ಟ ನೀರು ಮಡಿಯಲ್ಲೇ ಇಂಗುತ್ತದೆ. ರಸವು ಒಂದೊಂದೇ ಧಾತುವಾಗಿ ಮಾಗುತ್ತಾ ಶುಕ್ರವಾಗಲು ಒಂದು ತಿಂಗಳು ಹಿಡಿಯುತ್ತದೆಂಬ ಅವನ ಲೆಕ್ಕವೂ ಇದೇ ಇಂಗುವಿಕೆಯ ಲೆಕ್ಕ.

ಚರಕನ ಚಿಕಿತ್ಸಾಸ್ಥಾನದಿಂದ ಎರಡು ಮಾತುಗಳನ್ನು ಪರಿಚಲನೆಯ ಪರವಾಗಿ ಎತ್ತುತ್ತಾರೆ. ಒಂದು, ರಸವು ಏಕಕಾಲಕ್ಕೆ, ಎಲ್ಲ ಕಡೆಗೂ, ನಿರಂತರವಾಗಿ ಎಸೆಯಲ್ಪಡುತ್ತದೆ ಎಂಬುದು. ಇನ್ನೊಂದು, ಆಹಾರದಿಂದ ಪುಷ್ಟಿಗೊಳ್ಳುವ ಧಾತುಗಳ ಪರಿವರ್ತನೆ ಚಕ್ರದಂತೆ ಎಂಬುದು. ಮೊದಲನೆಯದು ನಿಜಕ್ಕೂ ಬೆರಗು ಹುಟ್ಟಿಸುವ ಮಾತು. ಆದರೆ ಅಲ್ಲಿ ಎಸೆಯುವ ಕರ್ತೃ ಹೃದಯವಲ್ಲ, ವ್ಯಾನವಾಯು. ಎರಡನೆಯದರಲ್ಲಿ ಚಕ್ರ ತಿರುಗುವುದು ಧಾತುಪೋಷಣೆಯ ಸಾತತ್ಯದಲ್ಲಿ. ನಾಳವೊಂದರ ದಾರಿ ಅಲ್ಲಿ ಪ್ರಸ್ತಾಪವಾಗಿಲ್ಲ.

ಹಾಗಾಗಿ ಭಗವತ್ ಸಿಂಹಜಿಯವರ ಪಕ್ಷಕ್ಕೆ ಗಟ್ಟಿಯಾಗಿ ಉಳಿಯುವ ಆಧಾರ ಒಂದೇ. ಅದನ್ನು ಅವರು ಬಳಸಲು ಸಾಧ್ಯವಿರಲಿಲ್ಲ, ಏಕೆಂದರೆ ತಂಜಾವೂರಿನ ಹಸ್ತಪ್ರತಿಯನ್ನು ಆಧರಿಸಿದ ಭೇಲ ಸಂಹಿತೆ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಅಚ್ಚಾದದ್ದು 1921ರಲ್ಲಿ. ಸೂತ್ರಸ್ಥಾನದ ಆ ಶ್ಲೋಕದ ತಾತ್ಪರ್ಯ ಹೀಗೆ: ಹೃದಯದಿಂದ ರಸ ಹೊರಡುತ್ತದೆ, ಅಲ್ಲಿಂದಲೇ ಎಲ್ಲ ಕಡೆಗೆ, ಸಿರೆಗಳಿಂದ ಹೃದಯಕ್ಕೆ ಬರುತ್ತದೆ, ಆದ್ದರಿಂದ ಸಿರೆಗಳು ಹೃದಯದಿಂದ ಹುಟ್ಟಿದವು. ಹೊರಡುವುದೂ ಬರುವುದೂ ಒಂದೇ ಶ್ಲೋಕದಲ್ಲಿವೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಬರುವುದು ಯಾವುದು? ಅನುವಾದಕರು ಸಾಮಾನ್ಯವಾಗಿ ‘ಮರಳಿ ಬರುತ್ತದೆ’ ಎಂದು ಬರೆಯುತ್ತಾರೆ. ಮೂಲದ ಕ್ರಿಯಾಪದ ‘ಹೋಗು’ ಎಂಬರ್ಥದ ‘ಇ’ ಧಾತುವಿನದು. ‘ಪುನಃ’ ಎಂಬ ಅವ್ಯಯವಾಗಲಿ, ‘ಪ್ರತಿ’ ಎಂಬ ಉಪಸರ್ಗವಾಗಲಿ ಜೊತೆಗಿಲ್ಲ. ‘ಮರಳಿ’ ಎಂಬುದು ಅನುವಾದಕನ ಸೇರ್ಪಡೆ. ಆಯುರ್ವೇದದ ಒಟ್ಟು ಚೌಕಟ್ಟಿನಲ್ಲಿ ಹೃದಯಕ್ಕೆ ಬರಲೇಬೇಕಾದ ರಸ ಇನ್ನೊಂದಿದೆ: ಆಗಷ್ಟೇ ಪಚನವಾದ ಅನ್ನದ ರಸ. ಅದು ಬರದೆ ಹೃದಯದಿಂದ ಹೊರಡುವುದಕ್ಕೆ ಏನೂ ಇರುವುದಿಲ್ಲ. ಶಾರ್ಙ್ಗಧರ ಸಂಹಿತೆ ಅನ್ನರಸದ ಬಗ್ಗೆ ಇದನ್ನೇ ಬಾಯಿಬಿಟ್ಟು ಹೇಳುತ್ತದೆ: ಸಮಾನವಾಯುವಿನ ಪ್ರೇರಣೆಯಿಂದ ರಸ ಹೃದಯಕ್ಕೆ ಹೋಗುತ್ತದೆ. ಅಲ್ಲಿಯೂ ಕ್ರಿಯೆ ಗಮನಾರ್ಥಕವೇ, ಗುರಿಯೂ ಹೃದಯವೇ. ಭೇಲನ ಶ್ಲೋಕದ ಉತ್ತರಾರ್ಧ ಹೇಳುವುದು ಹೋದ ರಸದ ಮರಳುವಿಕೆಯನ್ನಲ್ಲ, ಹೊಸ ರಸದ ಆಗಮನವನ್ನು ಎಂಬುದು ನನ್ನ ಪ್ರತಿಪಾದನೆ.

ಈ ಓದಿಗೆ ಎದುರಾಗುವ ಆಕ್ಷೇಪಗಳನ್ನು ನಾನೇ ಮುಂದಿಡಬೇಕು. ಶಾರ್ಙ್ಗಧರ ಭೇಲನಿಗಿಂತ ಎಷ್ಟೋ ಶತಮಾನ ಈಚಿನವನು. ಈಚಿನವನ ವಾಕ್ಯದಿಂದ ಹಿಂದಿನವನ ಅರ್ಥವನ್ನು ಕಟ್ಟುವುದರಲ್ಲಿ ಅಪಾಯವಿದೆ, ಬೇರೆಯವರ ಮೇಲೆ ನಾನು ಹೊರಿಸಿದ ದೋಷವೂ ಅದೇ ಜಾತಿಯದು. ಶ್ಲೋಕದ ಕ್ರಮವೂ ನನಗೆ ಪೂರ್ತಿ ಅನುಕೂಲವಾಗಿಲ್ಲ: ಆಗಮನವೇ ವಿವಕ್ಷಿತವಾಗಿದ್ದರೆ ಅದು ಮೊದಲು ಬಂದು ನಿರ್ಗಮನ ಆಮೇಲೆ ಬರಬೇಕಿತ್ತು. ಛಂದಸ್ಸಿನ ಅಗತ್ಯಕ್ಕೆ ಕ್ರಮ ಪಲ್ಲಟವಾಗಿರಬಹುದು, ಆದರೆ ‘ಇರಬಹುದು’ ಎಂಬುದು ಆಧಾರವಾಗುವುದಿಲ್ಲ. ಮೇಲಾಗಿ ಮುದ್ರಿತ ಪಾಠವು ಬಹುಮಟ್ಟಿಗೆ ಒಂದೇ ಹಸ್ತಪ್ರತಿಯ ಮೇಲೆ ನಿಂತಿದೆ, ಆ ಪ್ರತಿಯೂ ತ್ರುಟಿತ. ಅಷ್ಟು ಸಣ್ಣ ತಳಪಾಯದ ಮೇಲೆ ಅವರ ಅರ್ಥ ನಿಲ್ಲದಿದ್ದರೆ ನನ್ನದೂ ಅಲುಗಾಡುತ್ತದೆ.

ಆದರೂ ಮೂರನೆಯ ಪಾದದ ಆಚೆಗೆ, ‘ಆದ್ದರಿಂದ’ ಎಂಬ ಪದದ ಕಡೆಗೆ ಓದುಗರ ಗಮನ ಸೆಳೆಯಬಯಸುತ್ತೇನೆ. ಶ್ಲೋಕ ಸಾಧಿಸಹೊರಟಿರುವುದು ರಸದ ಸುತ್ತನ್ನಲ್ಲ. ಸಿರೆಗಳು ಹುಟ್ಟುವ ಜಾಗವನ್ನು. ರಸದ ಹೋಗುಬರವು ಅಲ್ಲಿ ಹೇತು, ‘ಸಿರೆಗಳ ಪ್ರಭವ ಹೃದಯ’ ಎಂಬುದು ನಿಗಮನ. ಹೊಕ್ಕುಳೇ ಮೂಲವೆಂಬ ಪಕ್ಷ ಸುಶ್ರುತದಲ್ಲಿದೆ. ಹೃದಯವನ್ನು ಹತ್ತು ಮಹಾನಾಳಗಳ ಮೂಲವಾಗಿ ಕಾಣುವ ಪಕ್ಷ ಚರಕದಲ್ಲಿದೆ. ಭೇಲನೂ ಚರಕ ಪ್ರತಿಸಂಸ್ಕರಿಸಿದ ಗ್ರಂಥದ ಕರ್ತೃ ಅಗ್ನಿವೇಶನೂ ಆತ್ರೇಯನ ಶಿಷ್ಯರೆಂಬುದು ಪರಂಪರೆ. ಈ ಶ್ಲೋಕವನ್ನು ಆ ಹಳೆಯ ಭಿನ್ನಾಭಿಪ್ರಾಯದೊಳಗೆ ಒಂದು ವಾಕ್ಯವಾಗಿ ಓದಿದರೆ ಅದರ ತರ್ಕ ನೇರವಾಗುತ್ತದೆ: ರಸ ಬರುವುದೂ ಹೊರಡುವುದೂ ಹೃದಯದಲ್ಲೇ ಆದ್ದರಿಂದ ನಾಳಗಳ ಮೂಲವೂ ಅದೇ. ಮನಸ್ಸಿನ ನೆಲೆಯನ್ನು ತಲೆ ಮತ್ತು ತಾಲುವಿನ ನಡುವೆ ಇಟ್ಟು ಉಳಿದವರಿಂದ ಬೇರೆಯಾಗುವ ಭೇಲ, ಅಂಗಗಳ ನೆಲೆಯ ಪ್ರಶ್ನೆಯಲ್ಲಿ ಸ್ವಂತ ನಿಲುವುಳ್ಳ ಚಿಂತಕ. ಹಾರ್ವೆಯ ಮುಂಗಾಣ್ಕೆಗಾರನೆಂದು ಹೊಗಳುವಾಗ ಈ ನಿಜವಾದ ಭೇಲ ಕಣ್ಮರೆಯಾಗುತ್ತಾನೆ ಎಂಬುದೇ ನನ್ನ ದೊಡ್ಡ ಕೊರಗು.

ಹಾಗೆ ಕಣ್ಮರೆಯಾಗುವ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಸುಶ್ರುತದ ಉತ್ತರತಂತ್ರದ 42ನೆಯ ಅಧ್ಯಾಯದಲ್ಲಿ ‘ಹೃಚ್ಛೂಲ’ ಎಂಬ ನೋವು ಬರುತ್ತದೆ. ಕಫಪಿತ್ತಗಳಿಂದ ತಡೆಗೊಂಡ ವಾಯು ರಸದೊಡನೆ ಕೂಡಿ, ಹೃದಯದಲ್ಲಿ ನಿಂತು, ಉಸಿರನ್ನೇ ಕಟ್ಟಿಸುವಂಥ ಶೂಲವನ್ನು ಉಂಟುಮಾಡುತ್ತದೆ. ಎದೆಯನ್ನು ಅದುಮುವ ನೋವನ್ನು ಹೆಬರ್ಡೆನ್ 1768ರಲ್ಲಿ ಲಂಡನ್ನಿನ ವೈದ್ಯರ ಮುಂದೆ ವಿವರಿಸಿದ. ಪರಿಧಮನಿಯ ತಡೆಗೂ ಜೀವಂತ ರೋಗಿಯ ಲಕ್ಷಣಗಳಿಗೂ ಇರುವ ನಂಟನ್ನು ಹೆರಿಕ್ 1912ರಲ್ಲಿ ತೋರಿಸಿದ. ಸುಶ್ರುತನ ‘ತಡೆ’ ಪರಿಧಮನಿಯ ತಡೆಯಲ್ಲ, ದೋಷಗಳ ತಡೆ. ಈ ಶೂಲವನ್ನು ಅವನು ಮುಂದಿನ ಹೃದ್ರೋಗದ ಅಧ್ಯಾಯದಲ್ಲಿ ಇಡದೆ ಗುಲ್ಮದ ಅಧ್ಯಾಯದಲ್ಲಿ, ಹೊಟ್ಟೆಯ ಬೇನೆಗಳ ಪಕ್ಕದಲ್ಲಿ ಇಟ್ಟಿದ್ದಾನೆ. ಇಂದಿಗೂ ಎಷ್ಟೋ ಮನೆಗಳಲ್ಲಿ ಹೃದಯಾಘಾತದ ನೋವನ್ನು ಗ್ಯಾಸ್ ಎಂದುಕೊಂಡು ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುವುದನ್ನು ನೆನೆದರೆ, ಆ ನೋವು ಹೊಟ್ಟೆಯ ನೆರೆಯಲ್ಲೇ ಕುಳಿತಿದ್ದರೂ ಅದರಲ್ಲಿ ಹೃದಯವನ್ನು ಗುರುತಿಸಿದ ಆ ವೈದ್ಯನ ಕಣ್ಣು ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯುತ್ತದೆ. ಈ ಕಣ್ಣಿಗೆ ಸಲ್ಲಬೇಕಾದ ಮನ್ನಣೆಗೆ ಪಂಪಿನ ಹಂಗು ಬೇಕಿಲ್ಲ.

ಉಳಿದಿರುವ ಕೆಲಸ ಬೇಕಾದಷ್ಟಿದೆ. ಭೇಲನ ಶ್ಲೋಕವನ್ನು ನಂತರದ ವ್ಯಾಖ್ಯಾನಕಾರರು ಯಾರಾದರೂ ಉದ್ಧರಿಸಿದ್ದಾರೆಯೇ, ಉದ್ಧರಿಸಿದ್ದರೆ ಬರುವ ರಸವನ್ನು ಹಳೆಯದೆಂದು ತಿಳಿದರೋ ಹೊಸದೆಂದೋ ಎಂಬುದನ್ನು ಸಾಲುಸಾಲಾಗಿ ನೋಡಬೇಕು. ಅಂಥ ಒಂದು ಉದ್ಧರಣೆ ನನ್ನ ಓದನ್ನು ಬುಡಮೇಲು ಮಾಡಬಲ್ಲದು. ಕನ್ನಡದ ಪಾಲಿನದು ಇನ್ನೂ ಒಂದಿದೆ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದಂಥ ವೈದ್ಯಗ್ರಂಥಗಳು ಸಂಸ್ಕೃತದ ‘ಹೃದಯ’ವನ್ನು ಎಲ್ಲಿ ಹಾಗೆಯೇ ಉಳಿಸಿಕೊಂಡವು, ಎಲ್ಲಿ ‘ಎದೆ’ ಎಂದವು, ‘ಸಿರೆ’, ‘ಧಮನಿ’, ‘ನಾಡಿ’ಗಳ ನಡುವೆ ಗೆರೆ ಎಳೆದವೋ ಇಲ್ಲವೋ ಎಂಬುದು ಪದಸೂಚಿಯೊಂದಿಗೆ ಪರಿಶೀಲಿಸಬೇಕಾದ ವಿಷಯ. ನಮ್ಮ ‘ಎದೆ’ ಮೇಲಿನ ಗೂಡನ್ನೂ ಒಳಗಿನ ಗುಂಡಿಗೆಯನ್ನೂ ಒಟ್ಟಿಗೇ ಹೇಳುವ ಪದ. ಆ ಎರಡರಲ್ಲಿ ನೋವು ಯಾವುದಕ್ಕೆ ಎಂಬುದನ್ನು ಹಳೆಯ ಕನ್ನಡ ವೈದ್ಯ ಹೇಗೆ ಬೇರ್ಪಡಿಸಿ ಹೇಳುತ್ತಿದ್ದ ಎಂಬಲ್ಲಿಂದ ಆ ಪರಿಶೀಲನೆ ಶುರುವಾಗಬಹುದು.